ಹಪ್ಪಳದ ಕೋಣೆಯ ನೆಲವೂ ಹಪ್ಪಳವಾಯಿತು

ಕಳೆದ ವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಜೋರು ಮಳೆಯ ಹೊತ್ತಿನಲ್ಲಿ, ಒಂದು ಬೆಳಗ್ಗೆ ಹಪ್ಪಳದ ಕೋಣೆಯ ಬಾಗಿಲು ತೆಗೆದೆ. ಉತ್ತರದ ಗೋಡೆಯ ಬುಡದಲ್ಲಿ ನೆಲ ಉಬ್ಬಿತ್ತು. ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ಗುಳ್ಳೆಗಳು, ಹತ್ತಿಪ್ಪತ್ತು ಇರಬಹುದು. ಕಾಲಬೆರಳಿನಲ್ಲಿ ಒತ್ತಿದರೆ ಮೆತ್ತಗೆ. ಒಂದನ್ನು ಸೂಜಿಯಲ್ಲಿ ಚುಚ್ಚಿ ನೋಡಿದೆ. ಒಳಗಿಂದ ನೀರು ಬಂತು. ಬೆರಳಿಗೆ ಸಾಬೂನು ನೀರಿನ ಹಾಗೆ ಜಾರುತ್ತಿತ್ತು.

"ಹಪ್ಪಳ ಮಾಡುವವಳ ನೆಲವೂ ಹಪ್ಪಳವೇ ಆಯಿತಲ್ಲ" ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ. ಆ ನೆಲಕ್ಕೆ ಹೊಸದಾಗಿ ಹಾಕಿಸಿದ ಲೇಪಕ್ಕೆ ಕೊಟ್ಟ ದುಡ್ಡು ನನ್ನ ಎರಡು ಸೀಸನ್ನಿನ ಲಾಭ.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಒಂದು ಹಳೆಯ ಮನೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ಕೆಂಪು ನೆಲ. ಈಗಿನವರು ರೆಡ್ ಆಕ್ಸೈಡ್ ಅನ್ನುತ್ತಾರೆ, ಅತ್ತೆ ಕಾವಿ ನೆಲ ಅನ್ನುತ್ತಾರೆ. ಮಾವ ಕಟ್ಟಿಸಿದ್ದು. ಚಾವಡಿಯ ನಡುವೆ ಕಪ್ಪು ಬಣ್ಣದ ಎಂಟು ಮೂಲೆಯ ನಕ್ಷತ್ರ ಇದೆ. ಸುತ್ತ ಒಂದು ಗೇಣು ಅಗಲದ ಕಪ್ಪು ಅಂಚು. ನೆಲ ಹಸಿ ಇರುವಾಗ ನೂಲು ಒತ್ತಿ ಗೆರೆ ಎಳೆದು, ಕರಣೆಯಲ್ಲಿ ಗಂಟೆಗಟ್ಟಲೆ ತಿಕ್ಕಿ ನಯ ಮಾಡಿದ್ದು. ಬಾಗಿಲ ಹತ್ತಿರ ಮೇಸ್ತ್ರಿ ಮೊಳೆಯಲ್ಲಿ 1968 ಎಂದು ಕೊರೆದಿದ್ದಾನೆ. ಹಪ್ಪಳದ ಕೋಣೆಗೆ ನಕ್ಷತ್ರ ಇಲ್ಲ, ಅಂಚು ಮಾತ್ರ. ಅದು ಮೊದಲು ಅಡಿಕೆ ಮೂಟೆ ಇಡುತ್ತಿದ್ದ ಕೋಣೆ.

ಹಲಸಿನ ಹಪ್ಪಳವನ್ನು ಮನೆಮಟ್ಟಿಗೆ ಮಾಡುತ್ತಿದ್ದಾಗ ನೆಲದ ವಿಚಾರ ಯಾರೂ ಕೇಳಲಿಲ್ಲ. ಲೇಬಲ್ ಅಂಟಿಸಿ ಅಂಗಡಿಗೆ ಕೊಡಲು ಹೊರಟಾಗ ಕೇಳಿದರು. ನೆಲ ತೊಳೆಯುವ ಹಾಗಿರಬೇಕು, ನೀರು ಹೀರಬಾರದು, ಬಿರುಕು ಇರಬಾರದು. ಆಹಾರ ತಯಾರಿಸುವ ಜಾಗಕ್ಕೆ ಇದು ನಿಯಮದಲ್ಲೇ ಇರುವ ಮಾತು, ತಪ್ಪೇನಿಲ್ಲ. ಟೈಲ್ಸ್ ಹಾಕಿದರೆ ನೆಲ ಒಂದೂವರೆ ಇಂಚು ಎತ್ತರ ಆಗಿ ಬಾಗಿಲು ತೆಗೆಯಲು ಬರುವುದಿಲ್ಲ. ಹಾಗಾಗಿ ಎಪಾಕ್ಸಿ, ಅಂದರೆ ಎರಡು ಡಬ್ಬದ ದ್ರವ ಸೇರಿಸಿ ಹಚ್ಚಿದರೆ ಗಟ್ಟಿಯಾಗುವ ರೆಸಿನ್ನಿನ ಲೇಪ. ಇಲ್ಲಿ ಚೆನ್ನಾಗಿ ಬಂದರೆ ಚಾವಡಿಗೂ ಹಾಕಿಸುವ ಆಸೆ ಇತ್ತು. ಬಣ್ಣ ಇಲ್ಲದ, ಗಾಜಿನ ಹಾಗಿನ ರೆಸಿನ್ ಹಾಕಿ ನಕ್ಷತ್ರವನ್ನು ಹಾಗೇ ಉಳಿಸಬಹುದು ಎಂದು ಫೋನಿನಲ್ಲಿ ವಿಡಿಯೋ ನೋಡಿದ್ದೆ. ವಿಡಿಯೋದಲ್ಲಿ ಎಲ್ಲ ನೆಲವೂ ಚಂದ.

ಏಪ್ರಿಲಿನಲ್ಲಿ ಇಬ್ಬರು ಬಂದರು. ಎರಡೇ ದಿನದ ಕೆಲಸ. ಮೊದಲ ದಿನ ಬಕೆಟಿನಲ್ಲಿ ಆಸಿಡ್ ತಂದು ನೆಲಕ್ಕೆ ಸುರಿದರು. ಬುಸ್ ಎಂದು ನೊರೆ ಬಂತು. ಪೈಪಿನಲ್ಲಿ ನೀರು ಬಿಟ್ಟು ತೊಳೆದರು. ಮರುದಿನ ಮಧ್ಯಾಹ್ನ ರೋಲರಿನಲ್ಲಿ ಬಣ್ಣ. ಸಂಜೆ ಕನ್ನಡಿಯಂಥ ನೆಲ. ನಾನು ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೇ ಕಳಿಸಿದ್ದು. ಜುಲೈಯಲ್ಲಿ ಗುಳ್ಳೆ.

ಅಕ್ಕನ ಮಗ ಮಂಗಳೂರಿನಲ್ಲಿ ಫ್ಯಾಕ್ಟರಿ, ಗೋದಾಮುಗಳ ನೆಲಕ್ಕೆ ಇದೇ ಎಪಾಕ್ಸಿ ಹಾಕುವ ಕೆಲಸದಲ್ಲಿದ್ದಾನೆ. ಮೊದಲೇ ಅವನನ್ನು ಕೇಳಬಹುದಿತ್ತು. ನಮ್ಮ ಮನೆಯ ಹುಡುಗ, ಅವನಿಗೇನು ಗೊತ್ತು ಎಂಬ ಒಂದು ಸಸಾರ ಇರುತ್ತದಲ್ಲ, ಅದೇ. ಡಿಸೆಂಬರಿನಲ್ಲಿ ರಜೆ ಹಾಕಿ ಬಂದ. ಬಂದವನು ನೆಲ ನೋಡುವ ಮೊದಲು ಕಿತ್ತು ಬಂದ ಒಂದು ಹಾಳೆಯನ್ನು ಎತ್ತಿ ಮಗುಚಿ, ಅದರ ಬೆನ್ನು ನೋಡಿದ.

ಬಾಗಿಲ ಹತ್ತಿರ ಕಿತ್ತದ್ದರ ಬೆನ್ನು ನಯವಾಗಿ ಹೊಳೆಯುತ್ತಿತ್ತು. ಕೆಂಪು ಸ್ವಲ್ಪವೂ ಹಿಡಿದಿರಲಿಲ್ಲ. "ಚಿಕ್ಕಮ್ಮ, ಇದು ನೆಲಕ್ಕೆ ಅಂಟಲೇ ಇಲ್ಲ. ಅಂಟಿದ್ದು ಅಜ್ಜಿಯ ಎಣ್ಣೆಗೆ" ಎಂದ. ಕೋಣೆಯ ನಡುವೆ ಕಿತ್ತದ್ದರ ಬೆನ್ನಿಗೆ ಕೆಂಪು ಸಿಮೆಂಟಿನ ಹುಡಿ ಹಿಡಿದಿತ್ತು. ಅಲ್ಲಿ ರೆಸಿನ್ ಅಂಟಿದೆ, ಆದರೆ ನೆಲದ ಮೇಲ್ಪದರವೇ ಆಸಿಡ್ ತಿಂದು ಹುಡಿಯಾಗಿದೆ. ಗೋಡೆಯ ಬುಡದ್ದು ಒದ್ದೆ, ಹಿಂದೆ ಬಿಳಿ ಉಪ್ಪು. ಒಂದೇ ಕೋಣೆ, ಮೂರು ರೋಗ.

ಎಣ್ಣೆಯ ಮಾತು ನಿಜ. ಅತ್ತೆಗೆ ಈಗ 84. ಕಾಲು ಗಟ್ಟಿ ಇದ್ದಷ್ಟು ದಿನ ಹಬ್ಬಕ್ಕೆ ಮೊದಲು ಹಳೆಯ ಬೈರಾಸಿಗೆ ತೆಂಗಿನೆಣ್ಣೆ ಹಾಕಿ ಇಡೀ ಮನೆಯ ನೆಲ ಉಜ್ಜುತ್ತಿದ್ದರು. ನಡುವೆ ಕೆಲವು ವರ್ಷ ಅಂಗಡಿಯಿಂದ ಡಬ್ಬದಲ್ಲಿ ಬರುವ ಮೇಣದ ಪಾಲಿಶ್. ಅದರ ಮೇಲೆ ನನ್ನ ಹಲಸಿನ ಮೇಣ. ಹಲಸು ಕೊಯ್ದ ಜಾಗ ನೋಡಿದವರಿಗೆ ಗೊತ್ತು, ಅದು ಹಿಡಿದರೆ ಬಿಡುವುದಲ್ಲ. ಕೈಗೆ ಹಿಡಿದರೆ ತೆಂಗಿನೆಣ್ಣೆ ಹಚ್ಚಿ ತೆಗೆಯುತ್ತೇವೆ, ಅಲ್ವಾ? ನೆಲಕ್ಕೂ ನಾನು ಅದನ್ನೇ ಮಾಡುತ್ತಿದ್ದೆ. ಮೇಣ ಹೋಗುತ್ತಿತ್ತು, ಎಣ್ಣೆ ಒಳಗಿಳಿಯುತ್ತಿತ್ತು.

ನಮ್ಮ ಕಡೆ ಪಸೆ ಅಂದರೆ ನೀರಿನದ್ದೂ ಹೌದು, ಎಣ್ಣೆಯದ್ದೂ ಹೌದು. ಮೇಣವೂ ಹಾಗೇ, ಹಲಸಿನದ್ದೂ ಹೌದು, ಪಾಲಿಶಿನದ್ದೂ ಹೌದು. ರೆಸಿನ್ನಿಗೆ ನಾಲ್ಕೂ ಆಗುವುದಿಲ್ಲ.

ಅವನು ಮಾಡಿದ ಒಂದು ಪರೀಕ್ಷೆ ನನಗೆ ಬಹಳ ಇಷ್ಟವಾಯಿತು. ಲೋಟದಿಂದ ನಾಲ್ಕು ಹನಿ ನೀರು ನೆಲಕ್ಕೆ ಬಿಟ್ಟ, ಅಷ್ಟೇ. ಅಂಚಿನ ಹತ್ತಿರ ಹನಿ ಕೆಸುವಿನ ಎಲೆಯ ಮೇಲಿನ ಹಾಗೆ ಉರುಟಾಗಿ ಕೂತಿತು. ಐದು ನಿಮಿಷ ಆದರೂ ಅಲ್ಲೇ. ಸ್ವಲ್ಪ ಉಜ್ಜಿ ತೋರಿಸಿದ ಜಾಗದಲ್ಲಿ ಒಂದು ನಿಮಿಷದೊಳಗೆ ಹೀರಿ ಕಪ್ಪಾಯಿತು. ನೀರನ್ನು ಕುಡಿಯದ ನೆಲ ರೆಸಿನ್ನನ್ನೂ ಕುಡಿಯುವುದಿಲ್ಲ. ಇದಕ್ಕೆ ಖರ್ಚು ಸೊನ್ನೆ. ಏಪ್ರಿಲಿನಲ್ಲಿ ಬಂದವರು ಇಷ್ಟು ಮಾಡಿದ್ದರೂ ಸಾಕಿತ್ತು.

ಎರಡನೆಯದು ಕಿವಿಯ ಕೆಲಸ. ಸಣ್ಣ ಸುತ್ತಿಗೆಯಲ್ಲಿ ಗೇಣಿಗೊಂದು ಸಲ ಕುಟ್ಟುತ್ತಾ ಹೋಗುವುದು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಕೆಳಗೆ ಬಿಟ್ಟುಕೊಂಡಲ್ಲಿ ಬಲಿತ ಹಲಸಿಗೆ ಬಡಿದ ಹಾಗೆ ಡಬ್ ಅನ್ನುತ್ತದೆ. ಹಲಸು ಬಡಿದು ಅಭ್ಯಾಸ ಇದ್ದ ಕಾರಣ ಈ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕೆಂಪು ಪದರ ನಾಲ್ಕೈದು ಮಿಲಿಮೀಟರ್ ದಪ್ಪ. ಅದರ ಕೆಳಗೆ ಸುಣ್ಣದ ಗಾರೆ. ಎರಡರ ನಡುವೆ ಪೊಳ್ಳಾದ ಜಾಗ ಐದು ಸಿಕ್ಕಿತು. ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅಷ್ಟನ್ನೂ ಚೌಕವಾಗಿ ಕತ್ತರಿಸಿ ತೆಗೆದು ಹೊಸ ಗಾರೆ ತುಂಬಬೇಕಾಯಿತು. ಪೊಳ್ಳಿನ ಮೇಲೆ ಎಷ್ಟು ಒಳ್ಳೆಯ ರೆಸಿನ್ ಹಾಕಿದರೂ ಅದು ಕೆಂಪು ಪದರವನ್ನೂ ಎಳೆದುಕೊಂಡೇ ಎದ್ದು ಬರುತ್ತದೆ.

ಇನ್ನು ನೀರಿನ ಪಸೆ. ಇದರಲ್ಲಿ ನನಗೆ ತಲೆ ಕೆಟ್ಟದ್ದು ಜಾಸ್ತಿ.

ಅದನ್ನು ಪರೀಕ್ಷಿಸಲು ಬೇಕಾದದ್ದು 18 ಇಂಚು ಉದ್ದ, ಅಷ್ಟೇ ಅಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್. ನಾಲ್ಕೂ ಬದಿ ಟೇಪು ಹಾಕಿ ನೆಲಕ್ಕೆ ಅಂಟಿಸಬೇಕು. ಗಾಳಿ ಹೋಗಬಾರದು. ಕಡಿಮೆ ಅಂದರೆ 16 ಗಂಟೆ ಬಿಡಬೇಕು. ನಾವು ಸಂಜೆ ಅಂಟಿಸಿ ಮರುದಿನ ಊಟದ ಹೊತ್ತಿಗೆ ತೆಗೆದೆವು. ಮೂರು ಕಡೆ ಮೂರು ಶೀಟು. ಬಾಗಿಲ ಹತ್ತಿರದ್ದು ಒಣಗಿತ್ತು. ನಡುವಿನದ್ದರ ಕೆಳಗೆ ನೆಲದ ಬಣ್ಣ ಸ್ವಲ್ಪ ಕಪ್ಪಾಗಿತ್ತು. ಉತ್ತರದ ಗೋಡೆಯ ಬುಡದ ಶೀಟಿನ ಒಳಮೈಗೆ ಹನಿಗಳು. ಡಿಸೆಂಬರಿನಲ್ಲಿ!

"ನೆಲ ಬೆವರುವುದು ಮೊದಲಿನಿಂದ ಇದ್ದದ್ದೇ" ಎಂದರು ಅತ್ತೆ. ಅದೂ ಸುಳ್ಳಲ್ಲ. ಮಳೆ ಬರುವ ಮೊದಲು ಸೆಕೆಯ ದಿನಗಳಲ್ಲಿ ತಣ್ಣನೆಯ ನೆಲಕ್ಕೆ ಹೊರಗಿನ ಹಸಿ ಗಾಳಿ ತಾಗಿ ನೀರಾಗುತ್ತದೆ. ಆದರೆ ಆ ನೀರು ಶೀಟಿನ ಮೇಲೆ ಕೂರಬೇಕು. ಶೀಟಿನ ಕೆಳಗೆ ಹನಿ ಬಂದರೆ ಅದು ಮಣ್ಣಿನಿಂದ ಬಂದದ್ದು. ಮಾವನ ಕಾಲದಲ್ಲಿ ನೆಲದ ಕೆಳಗೆ ಪ್ಲಾಸ್ಟಿಕ್ ಹಾಸುವ ಪದ್ಧತಿ ಎಲ್ಲಿತ್ತು? ಮಣ್ಣು, ಅದರ ಮೇಲೆ ಮುರಕಲ್ಲಿನ ಚೂರು, ಅದರ ಮೇಲೆ ಗಾರೆ. ಭೂಮಿಯ ಪಸೆ ಅದರೊಳಗೆ ಮೇಲೇರಿ ಗಾಳಿಗೆ ಹೋಗುತ್ತಿತ್ತು. ಐವತ್ತು ವರ್ಷ ಯಾರ ಗಮನಕ್ಕೂ ಬರದೆ ಹೋಗುತ್ತಿತ್ತು. ನಾನು ಅದರ ಬಾಯಿಗೆ ಮುಚ್ಚಳ ಹಾಕಿದೆ. ಬರುವಾಗ ಅದು ಸಿಮೆಂಟಿನ ಉಪ್ಪು, ಕ್ಷಾರ ಎಲ್ಲ ಕರಗಿಸಿಕೊಂಡು ಬರುತ್ತದೆ. ಗುಳ್ಳೆಯ ನೀರು ಜಾರುತ್ತಿದ್ದದ್ದು ಆ ಕ್ಷಾರಕ್ಕೆ.

ಹೊರಗೆ ಹೋಗಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಉತ್ತರದ ಬದಿಯ ತೋಟದ ಮಣ್ಣು ವರ್ಷ ವರ್ಷ ಗೊಬ್ಬರ, ಸೊಪ್ಪು ಬಿದ್ದು ಏರಿ ಏರಿ ಕೋಣೆಯ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಆಗಿದೆ. ಮಾಡಿನ ನೀರು ಅಲ್ಲಿಗೇ ಬೀಳುತ್ತದೆ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದು ಸಾಲದು ಎಂಬ ಹಾಗೆ ಮೂಲೆಗೆ ತಾಗಿಕೊಂಡೇ ಹಳೆಯ ಬಚ್ಚಲು. ನೆಲ ದುರಸ್ತಿಗೆಂದು ಕರೆಸಿದ ಮೇಸ್ತ್ರಿ ಗೋಡೆಗೆ ಅಂಗೈ ಇಟ್ಟು, "ಈರ್ಪಂ ಉಂಡ್" ಎಂದ. ಪಸೆ ಇದೆ, ಅಂತ. ಮಲೆಯಾಳದಲ್ಲಿ ಹೇಳಿದರೂ ನೀರು ನೀರೇ.

ಹಾಗೆ ನೆಲದ ಕೆಲಸ ಶುರುವಾದದ್ದು ಮನೆಯ ಹೊರಗೆ. ಗೋಡೆಯ ಉದ್ದಕ್ಕೆ ಮಣ್ಣು ತೆಗೆದು, ಕೋಣೆಯ ನೆಲದ ಮಟ್ಟಕ್ಕಿಂತ ಒಂದು ಮೊಳ ಆಳಕ್ಕೆ ಕಣಿ ತೋಡಿದರು. ತೋಟದ ಕಣಿಗೆ ಅದನ್ನು ಸೇರಿಸಿದೆವು. ಮಾಡಿನ ಅಂಚಿಗೆ ನೀರಿನ ದಂಬೆ. ಬಚ್ಚಲಿನ ಒಡೆದ ಪೈಪು ಬದಲು. ರೆಸಿನ್ನಿಗೆ ಇದಕ್ಕೂ ಏನು ಸಂಬಂಧ ಎಂದು ಕೆಲಸದವರೇ ಕೇಳಿದರು. ಐದು ವಾರ ಬಿಟ್ಟು ಮತ್ತೆ ಶೀಟು ಅಂಟಿಸಿದಾಗ ನಡುವಿನ ಜಾಗ ಒಣಗಿತ್ತು, ಗೋಡೆಯ ಬುಡ ಇನ್ನೂ ಕಪ್ಪು. ಆದರೆ ಹನಿ ಇರಲಿಲ್ಲ.

ಆ ಐದು ವಾರದಲ್ಲಿ ನೆಲವನ್ನು ತೊಳೆದೆವು. ಇದರಲ್ಲಿ ಹಿಂದುಮುಂದು ಮುಖ್ಯ. ಮೊದಲು ಎಣ್ಣೆ ತೆಗೆಯಬೇಕು, ಆಮೇಲೆ ಮೆಷಿನ್ನು. ಎಣ್ಣೆ ಇರುವಾಗಲೇ ಉಜ್ಜಿದರೆ ಡಿಸ್ಕಿನ ಬಿಸಿಗೆ ಅದು ಕರಗಿ, ಈಗಷ್ಟೇ ತೆರೆದ ರಂಧ್ರಗಳಿಗೆ ಇಳಿಯುತ್ತದೆ. ಹಲಸಿನ ಮೇಣವನ್ನು ಉಳಿಯಲ್ಲಿ ಹೆರೆದು, ಉಳಿದದ್ದನ್ನು ಥಿನ್ನರ್ ಬಟ್ಟೆಯಲ್ಲಿ ಒರಸಿದೆ. ಕಿಟಕಿ ಎಲ್ಲ ತೆಗೆದಿಟ್ಟು, ಒಲೆ ಹಚ್ಚದೆ. ಆಮೇಲೆ ಬಿಸಿನೀರು, ವಾಷಿಂಗ್ ಸೋಡಾ, ಗಟ್ಟಿ ಬ್ರಶ್ಶು. ಕೊಳೆನೀರು ಅಲ್ಲೇ ಒಣಗಲು ಬಿಡದೆ ಬಳಿದು ತೆಗೆಯಬೇಕು. ನಾಲ್ಕು ಸಲ ಮಾಡಿದೆ. ಐದನೆಯ ಸಲ ಕೆಸುವಿನ ಎಲೆಯ ಹನಿ ಹೋಯಿತು.

ಆಸಿಡ್ ಬಗ್ಗೆ ಎರಡು ಮಾತು, ಸಿಟ್ಟು ಇನ್ನೂ ಇದೆ. ಆಸಿಡ್ ಎಣ್ಣೆಯನ್ನು ತೆಗೆಯುವುದಿಲ್ಲ. ಎಣ್ಣೆ, ಮೇಣ ಇರುವಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಇಲ್ಲದಲ್ಲಿ ಸಿಮೆಂಟು, ಸುಣ್ಣ ಎರಡನ್ನೂ ತಿನ್ನುತ್ತದೆ. ನಮ್ಮದು ಕೆಳಗೆ ಸುಣ್ಣದ ಗಾರೆ. ಮೇಲಿಂದ ತೊಳೆಯಲೆಂದು ಸುರಿದ ನೀರು ಮತ್ತೆ ಒಳಗೆ. ಬಣ್ಣದ ನೆಲಕ್ಕಂತೂ ಅಲ್ಲಲ್ಲಿ ಬೆಳ್ಳಗೆ ಮಚ್ಚೆ ಬೀಳುತ್ತದೆ, ಅದು ವಾಪಸು ಬರುವುದಿಲ್ಲ. ಅಗ್ಗದ ದಾರಿ ಎಂದು ಯಾರಾದರೂ ಬಕೆಟ್ ತಂದರೆ ಜಗಲಿಯಿಂದಲೇ ವಾಪಸು ಕಳಿಸಿ.

ಫೆಬ್ರವರಿಯಲ್ಲಿ ಮೆಷಿನ್ನು ಬಂತು. ಕೈಯಲ್ಲಿ ಹಿಡಿಯುವಂಥದ್ದು, ವಜ್ರದ ಹುಡಿ ಕೂರಿಸಿದ ಬಟ್ಟಲಿನಂಥ ಡಿಸ್ಕು. ಜೊತೆಗೆ ಧೂಳು ಎಳೆಯುವ ವ್ಯಾಕ್ಯೂಮ್. ಈ ಧೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ. ಅವನು ಸರಿಯಾದ ಮಾಸ್ಕ್ ಹಾಕದೆ ಕೋಣೆಯೊಳಗೆ ಯಾರನ್ನೂ ಬಿಡಲಿಲ್ಲ, ಮುಖಕ್ಕೆ ಬೈರಾಸು ಕಟ್ಟಿ ಬಂದ ಇವರನ್ನೂ ಹೊರಗೆ ಕಳಿಸಿದ. ಚಾವಡಿಯ ಬಾಗಿಲಿಗೆ ಒದ್ದೆ ಸೀರೆ ಕಟ್ಟಿದ್ದೆ. ಆದರೂ ದೇವರ ಕೋಣೆಯ ದೀಪದ ಮೇಲೆ ಕೆಂಪು ಹುಡಿ ಸಿಕ್ಕಿತು.

ನಯವಾದ ನೆಲವನ್ನು ತರಿ ಮಾಡುವುದು ಇದರ ಉದ್ದೇಶ. ಅಂಗೈ ಆಡಿಸಿದರೆ ಸಣ್ಣ ಮರಳುಕಾಗದದ ಹಾಗೆ ಇರಬೇಕು. ತೆಳು ಲೇಪಕ್ಕೆ ಅಷ್ಟು ಸಾಕು. ಮೇಸ್ತ್ರಿಯ ಕರಣೆ ದಿನವಿಡೀ ಮಾಡಿದ ನಯವನ್ನು ಮೆಷಿನ್ನು ಒಂದು ಗಂಟೆಯಲ್ಲಿ ತೆಗೆಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ನೆಲ ಹೇಗಾಗಿತ್ತು ಗೊತ್ತಾ? ಕೆಲವು ಕಡೆ ಕೆಂಪು, ಕೆಲವು ಕಡೆ ಕೆಂಪು ಪದರ ಸವೆದು ಕೆಳಗಿನ ಬೂದು. ಎಲ್ಲ ಕಡೆ ಡಿಸ್ಕಿನ ಸುರುಳಿ ಗೀರು. ಆಗ ನನಗೆ ಚಾವಡಿಯ ನಕ್ಷತ್ರ ನೆನಪಾಯಿತು. ಬಣ್ಣ ಇರುವ ರೆಸಿನ್ ಹಾಕುವಾಗ ಈ ಗೀರು, ತೇಪೆ ಎಲ್ಲ ಅಡಿಗೆ ಹೋಗುತ್ತವೆ. ಪಾರದರ್ಶಕ ರೆಸಿನ್ ಹಾಕಿದರೆ ಪ್ರತಿಯೊಂದು ಗೀರೂ ಭೂತಗನ್ನಡಿಯಲ್ಲಿ ನೋಡಿದ ಹಾಗೆ ಕಾಣುತ್ತದೆ. ತರಿ ಮಾಡದಿದ್ದರೆ ಹಿಡಿಯುವುದಿಲ್ಲ, ಮಾಡಿದರೆ ಚಂದ ಹೋಗುತ್ತದೆ. ಸಣ್ಣ ಡಿಸ್ಕಿನಲ್ಲಿ ಬಹಳ ಜಾಗ್ರತೆಯಿಂದ ಮಾಡಬಹುದು, ಆದರೆ ನಾಲ್ಕೈದು ಮಿಲಿಮೀಟರಿನಲ್ಲಿ ತಪ್ಪು ಮಾಡಲು ಜಾಗ ಎಷ್ಟಿದೆ? ಅದೂ ಅಲ್ಲದೆ ಎಪಾಕ್ಸಿ ಬಿಸಿಲಿಗೆ ಹಳದಿ ಆಗುತ್ತದೆ, ನಮ್ಮ ಚಾವಡಿಗೆ ಬೆಳಗ್ಗಿನ ಬಿಸಿಲು ನೇರ ಬೀಳುತ್ತದೆ.

ಬಿರುಕುಗಳನ್ನು ಎರಡು ಜಾತಿ ಮಾಡಿದ. ಜೇಡರ ಬಲೆಯಂಥ ಕೂದಲ ಬಿರುಕು ಸತ್ತದ್ದು, ಅದಕ್ಕೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಅಡಿಲೇಪ, ಸಾಕು. ಬಾಗಿಲಿನಿಂದ ಮೂಲೆಗೆ ಹೋದದ್ದು ಒಂದು ಜೀವಂತ ಇತ್ತು, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದನ್ನು ಅಗಲಿಸಿ, ಹುಡಿ ಎಳೆದು, ಗಟ್ಟಿ ಪುಟ್ಟಿಯ ಬದಲು ರಬ್ಬರಿನ ಹಾಗೆ ಎಳೆಯುವ ಸೀಲೆಂಟ್ ತುಂಬಿದ. ಗಟ್ಟಿಯದ್ದು ಹಾಕಿದರೆ ಪಕ್ಕದಲ್ಲಿ ಹೊಸ ಬಿರುಕು ಬರುತ್ತದಂತೆ.

ಲೆಕ್ಕ ಒಂದು ಹೇಳಿಬಿಡುತ್ತೇನೆ, ನನಗೆ ಆಗಲೇ ಗೊತ್ತಿದ್ದರೆ ಮೊದಲನೆಯವರನ್ನು ಕೇಳುತ್ತಿದ್ದೆ. ಒಂದು ಲೀಟರ್ ರೆಸಿನ್ ಒಂದು ಚದರ ಮೀಟರಿಗೆ ಹರಡಿದರೆ ಒಂದು ಮಿಲಿಮೀಟರ್ ದಪ್ಪ. ಕೋಣೆ 12 ಅಡಿಗೆ 16 ಅಡಿ, ಅಂದರೆ ಹತ್ತಿರ ಹತ್ತಿರ 18 ಚದರ ಮೀಟರ್. ಅವರು ಬಳಸಿದ್ದು ನಾಲ್ಕು ಲೀಟರ್. ಕಾಲು ಮಿಲಿಮೀಟರ್ ಕೂಡ ಆಗಲಿಲ್ಲ, ನೋಟುಬುಕ್ಕಿನ ಎರಡು ಹಾಳೆಯಷ್ಟು. ಈ ಸಲ ಪಸೆ ತಡೆಯುವ ಪ್ರೈಮರೇ ಒಂಬತ್ತು ಲೀಟರ್, ಒಂದರ ಮೇಲೆ ಒಂದು, ಎರಡು ಕೈ. ಮೇಲಿನ ಬಣ್ಣ ಐದೂವರೆ ಲೀಟರ್. ಜಾರದ ಹಾಗೆ ನಡುವೆ ಸಣ್ಣ ಬಿಳಿ ಮರಳು ಎರಚಿದ.

ಹಚ್ಚುವ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ಬೆಳಗ್ಗೆ ಹಚ್ಚಬಾರದು, ನೆಲ ಕಾಯುತ್ತಾ ಹೋಗುವಾಗ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಮಂಜು ಬೀಳುವ ಹೊತ್ತಿಗೂ ಬಾರದು. ಗಾಳಿಯ ತೇವ ನೀರಾಗುವ ಉಷ್ಣತೆಗಿಂತ ನೆಲ ಕಡಿಮೆ ಅಂದರೆ 3 ಡಿಗ್ರಿ ಬಿಸಿ ಇರಬೇಕು. ಅವನ ಹತ್ತಿರ ಅದಕ್ಕೊಂದು ಸಣ್ಣ ಮೀಟರ್ ಇತ್ತು. ಮಧ್ಯಾಹ್ನ 2 ಗಂಟೆಗೆ ಶುರು ಮಾಡಿದೆವು. ಎರಡು ಡಬ್ಬ ಸೇರಿಸಿದ ಮೇಲೆ ಬಕೆಟಿನಲ್ಲಿ ಇಡಬಾರದು, ಕೂಡಲೇ ನೆಲಕ್ಕೆ ಸುರಿಯಬೇಕು. ಫೋನ್ ಬಂತು ಎಂದು ನಾನು ಅರ್ಧ ಲೀಟರ್ ಬಕೆಟಿನಲ್ಲೇ ಬಿಟ್ಟೆ. ಹತ್ತು ನಿಮಿಷದಲ್ಲಿ ಕೈ ಸುಡುವಷ್ಟು ಕಾದು, ಹೊಗೆ ಬಂದು ಕಲ್ಲಾಯಿತು. ಆ ಬಕೆಟ್ ಈಗ ಹಟ್ಟಿಯ ಬಾಗಿಲಿಗೆ ಕೊಡುವ ಭಾರ.

ಏಳು ದಿನ ಕೋಣೆಯಲ್ಲಿ ಕೆಲಸ ಇಲ್ಲ. ಹಲಸು ಬೇಯಿಸುವ ದೊಡ್ಡ ಪಾತ್ರೆಯನ್ನು ಕೊಟ್ಟಿಗೆಗೆ ಸಾಗಿಸಿದೆ. ಇಂಥ ಎಪಾಕ್ಸಿ 50–60 ಡಿಗ್ರಿ ಬಿಸಿಗೇ ಮೆತ್ತಗಾಗುತ್ತದೆ, ಕುದಿಯುವ ನೀರು ಚೆಲ್ಲಿದರೆ ಹಾಳು. ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಈ ವರ್ಷದ ಹಪ್ಪಳ ಎಲ್ಲ ಒಣಗಿ ಡಬ್ಬ ಸೇರಿತು.

ಈಗ ಮತ್ತೆ ಆಟಿ. ಹಪ್ಪಳದ ಕೋಣೆಗೆ ದಿನಾ ಬೆಳಗ್ಗೆ ಹೋಗಿ ಬಗ್ಗಿ ನೋಡುತ್ತೇನೆ. ಬಚ್ಚಲಿನ ಮೂಲೆಯಲ್ಲಿ ಅಂಗೈಯಷ್ಟು ಜಾಗ ಮಾತ್ರ ಸ್ವಲ್ಪ ಮಂಕಾಗಿದೆ. ಉಬ್ಬಿಲ್ಲ. ಅಕ್ಕನ ಮಗನಿಗೆ ಫೋಟೋ ಕಳಿಸಿದರೆ, "ಸುಮ್ನೆ ಬಿಡಿ ಚಿಕ್ಕಮ್ಮ, ಕೆದಕಬೇಡಿ" ಎಂದ.

ಮೊನ್ನೆ ಚಾವಡಿಯಲ್ಲೂ ಒಂದು ಶೀಟು ಅಂಟಿಸಿದೆ, ಸರಿಯಾಗಿ ನಕ್ಷತ್ರದ ಮೇಲೆ. ಫೆಬ್ರವರಿಯಲ್ಲಿ ಅಲ್ಲಿ ಬರೀ ಒಣ ಇತ್ತು. ಮರುದಿನ ನೋಡಿದರೆ ಪ್ಲಾಸ್ಟಿಕಿನ ಅಡಿಗೆ ಇಡೀ ನಕ್ಷತ್ರ ಹನಿಯಲ್ಲಿ ಮುಚ್ಚಿಹೋಗಿತ್ತು. ಟೇಪು ಕಿತ್ತು ಶೀಟು ಮಡಚಿಟ್ಟೆ. ಗಾಳಿ ತಾಗಿ ನೆಲ ಮಧ್ಯಾಹ್ನದೊಳಗೆ ಒಣಗಿತು. ಅತ್ತೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು, "ಚೌತಿಗೆ ಸ್ವಲ್ಪ ಎಣ್ಣೆ ಉಜ್ಜುವುದಾ?" ಎಂದು ಕೇಳಿದರು. ಬೈರಾಸು ಹುಡುಕಿ ಇಟ್ಟಿದ್ದೇನೆ.